ಸಾಲದ ಕೆಳಗಿನ ಹೆಸರು

ಹದಿನಾರನೇ ವಯಸ್ಸಿನಲ್ಲಿ ಅವನು ತನ್ನ ತಾಯಿಗೆ ಒಂದು ಮಾತು ಕೊಟ್ಟಿದ್ದ: ಇನ್ನೊಬ್ಬರ ಸಾಲದ ಕಾಗದದ ಕೆಳಗೆ ಎಂದೂ ತನ್ನ ಹೆಸರು ಬರೆಯುವುದಿಲ್ಲ.

ಆ ದಿನ ಮನೆಯ ಮುಂದೆ ಒಂದು ಕೈಗಾಡಿ ನಿಂತಿತ್ತು. ಅಪ್ಪ ಯಾರೋ ಗೆಳೆಯನಿಗೆ ಜಾಮೀನು ನಿಂತಿದ್ದರು. ಗೆಳೆಯ ಹೇಳದೆ ಕೇಳದೆ ಊರು ಬಿಟ್ಟಿದ್ದ. ಬಂದವರು ಮಂಚ, ಗಡಿಯಾರ, ಅಮ್ಮನ ಹೊಲಿಗೆ ಯಂತ್ರ ಎಲ್ಲವನ್ನೂ ಹೊರಗಿಟ್ಟರು. ಅಡುಗೆಮನೆಯ ತಾಮ್ರ, ಹಿತ್ತಾಳೆಯನ್ನು ತಕ್ಕಡಿಗೆ ಹಾಕಿ ತೂಗಿದರು. ತಕ್ಕಡಿ ಒಂದು ಕಡೆಗೆ ಎಳೆಯುತ್ತಿತ್ತು. ಹುಡುಗನಿಗೆ ಅದು ಕಂಡಿತು, ಹೇಳಲು ಬಾಯಿ ಬರಲಿಲ್ಲ. ಗಾಡಿ ಹೋದ ಮೇಲೆ ತಾಯಿ ಖಾಲಿ ಅಡುಗೆಮನೆಯಲ್ಲಿ ಅವನ ಎರಡೂ ಕೈ ಹಿಡಿದು "ಹೇಳು" ಎಂದಳು. ಅವನು ಹೇಳಿದ.

ದೊಡ್ಡವನಾಗಿ ಅವನು ತಕ್ಕಡಿ ರಿಪೇರಿಯವನಾದ. ಒಂದು ಹಳೇ ವ್ಯಾನು, ಪೆಟ್ಟಿಗೆ ತುಂಬ ತೂಕದ ಕಲ್ಲುಗಳು, ಮೂರು ಕೋಣೆಯ ಒಂದು ಸ್ವಂತ ಮನೆ. ಮದುವೆಯ ವಿಚಾರ ಬಂದಾಗಲೆಲ್ಲ ಮಾತು ಬದಲಿಸುತ್ತಿದ್ದ. ಮೂವತ್ತು ವರ್ಷ ಹೀಗೆಯೇ ಕಳೆಯಿತು. ಯಾರಿಗೂ ಸಹಿ ಹಾಕಲಿಲ್ಲ.

*

ಲಾಂಡ್ರಿ ಅಂಗಡಿಗೆ ಅವನು ಮೊದಲ ಸಲ ಬಂದದ್ದು ನಾಲ್ಕು ವರ್ಷದ ಹಿಂದೆ. ಕಿಲೋ ಲೆಕ್ಕದಲ್ಲಿ ಬಟ್ಟೆ ಒಗೆದುಕೊಡುವ ಅಂಗಡಿ. ಯಾವನೋ ಗಿರಾಕಿ ತೂಕದಲ್ಲಿ ಮೋಸ ಎಂದು ಕೂಗಾಡಿ ಹೋಗಿದ್ದ. ಅಂಗಡಿ ನಡೆಸುತ್ತಿದ್ದವಳು ಅಳು ನುಂಗಿಕೊಂಡು ಫೋನ್ ಮಾಡಿ ಅವನನ್ನು ಕರೆಸಿದ್ದಳು.

ಅವನು ಕಲ್ಲನ್ನು ಯಂತ್ರದ ತಟ್ಟೆಯ ನಡುವೆ ಇಡಲಿಲ್ಲ. ಒಂದು ಮೂಲೆಗೆ ಇಟ್ಟ, ಓದಿದ. ಇನ್ನೊಂದು ಮೂಲೆಗೆ ಇಟ್ಟ, ಓದಿದ.

"ನಿಮ್ಮ ಮಷೀನ್ ಸುಳ್ಳು ಹೇಳ್ತಿದೆ ಮೇಡಂ."

ಅವಳ ಮುಖ ಕೆಂಪಾಯಿತು. "ನಾನು ಯಾರಿಗೂ ಮೋಸ ಮಾಡಿದವಳಲ್ಲ."

"ನೀವು ಮಾಡಿಲ್ಲ. ಮೋಸ ಹೋಗಿದ್ದೀರಿ. ಕಿಲೋಗೆ ನಲವತ್ತು ಗ್ರಾಂ ಕಡಿಮೆ ತೋರಿಸ್ತಿದೆ. ಊರವರ ಎಷ್ಟೋ ಕಾಲುಚೀಲ ಪುಕ್ಕಟೆ ಒಗೆದಿದ್ದೀರಿ."

ಅವಳು ನಕ್ಕಳು. ಅಳಬೇಕೆಂದು ತಯಾರಾಗಿದ್ದ ಮುಖದಲ್ಲಿ ಬಂದ ನಗು ಅದು. ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಮೂಲೆಗೆ ಯಾಕೆ ಇಡ್ತೀರಿ?"

"ನಡುವೆ ಇಟ್ಟರೆ ಎಲ್ಲ ಮಷೀನೂ ಒಳ್ಳೇದೇ. ತಪ್ಪು ಬಚ್ಚಿಟ್ಟುಕೊಂಡಿರೋದು ಮೂಲೆಲಿ."

ಕೊನೆಗೆ ಯಂತ್ರದ ಹೊಟ್ಟೆಯ ಕೆಳಗೆ ತೆಳ್ಳನೆ ತಂತಿ ಸುತ್ತಿ, ಸೀಸದ ಗುಂಡಿಗೆ ಇಕ್ಕಳದಿಂದ ತನ್ನ ಗುರುತು ಒತ್ತಿದ: ಒಂದು ಗೆರೆ, ಒಂದು ಚುಕ್ಕೆ. ಆ ಸೀಲು ಇರುವವರೆಗೆ ಈ ಯಂತ್ರಕ್ಕೆ ತಾನು ಹೊಣೆ ಎಂದ.

ವರ್ಷಕ್ಕೊಮ್ಮೆ ಬಂದರೆ ಸಾಕಿತ್ತು. ಅವನು ಎರಡು ತಿಂಗಳಿಗೊಮ್ಮೆ ಬಂದ.

"ವರ್ಷಕ್ಕೆ ಒಂದು ಸಲ ಅಂತ ನಿಮ್ಮ ರಸೀದಿಲೇ ಇದೆಯಲ್ಲ, ತಕ್ಕಡಿಯವರೇ?"

"ಇಲ್ಲಿ ಹಬೆ ಜಾಸ್ತಿ. ಹಬೆ ಇರೋ ಕಡೆ ಮಷೀನ್ ಬೇಗ ಕೆಡುತ್ತೆ."

"ಯಾವ ಪುಸ್ತಕದಲ್ಲಿದೆ ಅದು?"

"ನಾನೇ ಬರೀಬೇಕು ಅಂತಿದ್ದೀನಿ."

ಒಳಗಿನ ಕೋಣೆಯಿಂದ ಅವಳ ಮಗಳ ದನಿ ಬರುತ್ತಿತ್ತು: "ಅಮ್ಮಾ, ತಕ್ಕಡಿ ಅಂಕಲ್ ಬಂದ್ರು. ಪಾಪ, ಮಷೀನ್‌ಗೆ ಮತ್ತೆ ಜ್ವರ!"

ಮಗಳನ್ನು ಎಲ್ಲರೂ ಸ್ಕ್ರೂ ಎಂದೇ ಕರೆಯುತ್ತಿದ್ದರು. ಆರನೇ ವಯಸ್ಸಿಗೇ ಇಸ್ತ್ರಿಪೆಟ್ಟಿಗೆ ಬಿಚ್ಚಿ, ಮತ್ತೆ ಜೋಡಿಸಿ, ಕೈಯಲ್ಲಿ ಒಂದು ಸ್ಕ್ರೂ ಉಳಿಸಿಕೊಂಡಿದ್ದವಳು. ಅವಳಿಗೆ ಮೂರು ವರ್ಷವಾಗಿದ್ದಾಗಲೇ ತಂದೆ ತೀರಿಕೊಂಡಿದ್ದರು.

ತೂಕದ ಕಲ್ಲುಗಳನ್ನು ಅವನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಬಟ್ಟೆ ಸುತ್ತಿ ಎತ್ತುತ್ತಿದ್ದ. ಬೆರಳಿನ ಬೆವರಿಗೂ ತೂಕವಿದೆ ಎನ್ನುತ್ತಿದ್ದ. ಒಮ್ಮೆ ಚಹಾ ಲೋಟ ಕೊಡುವಾಗ ಅವಳ ಬೆರಳು ಅವನ ಬೆರಳಿಗೆ ತಾಗಿತು. ಅವಳು ಕೈ ತೆಗೆಯಲಿಲ್ಲ, ಕಣ್ಣನ್ನೂ ಎತ್ತಲಿಲ್ಲ.

"ಈಗ ಎಷ್ಟು ಗ್ರಾಂ ಹೆಚ್ಚಾಯ್ತು?" ಎಂದಳು ಮೆಲ್ಲಗೆ.

ಅವನು ಲೋಟವನ್ನು ಒಂದೇ ಸಲಕ್ಕೆ ಬಾಯಿಗೆತ್ತಿದ. ಚಹಾ ಬಾಯಿ ಸುಟ್ಟಿತು.

ಅದಕ್ಕಿಂತ ಮುಂದೆ ಇಬ್ಬರೂ ಹೋಗಲಿಲ್ಲ. ಬೆಳೆಯುತ್ತಿರುವ ಮಗಳನ್ನು ಇಟ್ಟುಕೊಂಡು ಇದೆಲ್ಲ ಯಾಕೆ ಎಂದು ಅವಳಿಗೆ ಭಯ. ಇರುವುದನ್ನೂ ಕಳೆದುಕೊಂಡರೆ ಎಂದು ಅವನಿಗೆ.

*

ಎರಡು ಕಾಲೇಜುಗಳಿಂದ ಸೀಟು ಸಿಕ್ಕ ಪತ್ರಗಳು ಒಂದೇ ವಾರದಲ್ಲಿ ಬಂದವು. ಸ್ಕ್ರೂ ಓದಬೇಕೆಂದದ್ದು ಕೃತಕ ಕೈಕಾಲು ತಯಾರಿಸುವ ಕೋರ್ಸು. ಹತ್ತಿರದ ಕಾಲೇಜಿಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು. ಫೀಸು ಹೇಗೋ ಹೊಂದಿಸಬಹುದಾದಷ್ಟು. ಗುಡ್ಡದ ಮೇಲಿನ ಕಾಲೇಜು ಆರು ಗಂಟೆಯ ದಾರಿ. ಫೀಸು, ಹಾಸ್ಟೆಲ್ ಸೇರಿ ನಾಲ್ಕು ವರ್ಷಕ್ಕೆ ಹದಿನಾಲ್ಕು ಲಕ್ಷ. ಅಷ್ಟೂ ಸಾಲವೇ ಆಗಬೇಕು.

ತಾಯಿ ಎಣಿಸಿದ ಶರ್ಟುಗಳನ್ನೇ ಮತ್ತೆ ಎಣಿಸತೊಡಗಿದಳು. ತನಗೆ ಈಗ ನಲವತ್ತೊಂದು ವರ್ಷ. ಸಾಲ ತೀರುವಾಗ ಐವತ್ತಾರು. ಅಷ್ಟು ವರ್ಷ ಈ ಮೊಣಕಾಲು ಈ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತದೆಯೇ? ಯೋಚನೆ ಅಲ್ಲಿಗೆ ಬಂದು ತಲುಪಿದಾಗಲೆಲ್ಲ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು.

"ನನಗೆ ಹತ್ತಿರದ್ದೇ ಇಷ್ಟ ಅಮ್ಮ," ಎಂದಳು ಸ್ಕ್ರೂ, ಕೇಳದಿದ್ದರೂ. "ನಿನ್ನ ಕೈ ಅಡುಗೆ ಬಿಟ್ಟು ಯಾರು ಹೋಗ್ತಾರೆ?"

"ಹೋದ ವಾರ ತಾನೇ ನನ್ನ ಸಾರನ್ನ ಬಟ್ಟೆ ನೆನೆಸಿದ ನೀರು ಅಂದೆ."

"ಅದು ಪ್ರೀತಿಗೆ ಅಂದಿದ್ದು."

ತಕ್ಕಡಿಯವನು ಅಂದು ಅಲ್ಲಿಯೇ ಇದ್ದ. ಹುಡುಗಿ ನಗುತ್ತಿದ್ದಳು, ನಗು ತೀರ ಸಮವಾಗಿತ್ತು, ತಟ್ಟೆಯ ನಡುವೆ ಇಟ್ಟ ಕಲ್ಲಿನ ಹಾಗೆ. ಅವನು ಪೆಟ್ಟಿಗೆ ಮುಚ್ಚುತ್ತ ಹೇಳಿದ: "ಎರಡನ್ನೂ ಒಂದು ಸಲ ನೋಡಿಕೊಂಡು ಬರೋಣ. ಅವರು ಕರೆಯೋ ದಿನ ಬೇಡ. ಅವತ್ತು ಎಲ್ಲ ತೊಳೆದು ಬಳಿದು ಇಟ್ಟಿರ್ತಾರೆ. ಯಾವುದೋ ಒಂದು ಮಂಗಳವಾರ ಹೋಗೋಣ."

"ಮೂಲೆ ನೋಡೋಕೆ," ಎಂದಳು ಸ್ಕ್ರೂ.

"ಮೂಲೆ ನೋಡೋಕೆ."

"ನಿಮ್ಮ ಕೆಲಸ ಬಿಟ್ಟು..." ಎಂದು ಅವಳ ತಾಯಿ ಶುರುಮಾಡಿದಳು.

"ಗುಡ್ಡದ ದಾರಿಲಿ ನನಗೂ ಒಂದು ತಕ್ಕಡಿ ಇದೆ ಮೇಡಂ."

"ಎಲ್ಲಿ?"

"ಹುಡುಕಬೇಕು."

*

ಹತ್ತಿರದ ಕಾಲೇಜು ಕೆಟ್ಟದಾಗಿರಲಿಲ್ಲ. ಗೋಡೆಗೆ ಹೊಸ ಬಣ್ಣ, ತರಗತಿಯಲ್ಲಿ ದೊಡ್ಡ ಪರದೆ. ಹಿಂದಿನ ಮೆಟ್ಟಿಲು ಇಳಿದು ಹೋದರೆ ವರ್ಕ್‌ಶಾಪ್. ಅಲ್ಲಿ ಯಂತ್ರಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿತ್ತು. ಸ್ಕ್ರೂ ಒಂದರ ಮೇಲೆ ಬೆರಳಾಡಿಸಿದಳು; ಬೆರಳಿಗೆ ಧೂಳು ಹತ್ತಿತು. ಅಲ್ಲಿದ್ದ ವಯಸ್ಸಾದ ಮೇಷ್ಟ್ರು ಕನ್ನಡಕ ಒರೆಸುತ್ತ ಹೇಳಿದರು: "ಸುಳ್ಳು ಹೇಳಲ್ಲ ಮಗು. ಸರ್ಟಿಫಿಕೇಟ್ ಇಲ್ಲಿ ಸಿಗುತ್ತೆ. ಕೈಗೆ ಕೆಲಸ ಬರಬೇಕಾದರೆ ಬೇರೆ ಕಡೆ ಮತ್ತೆ ಕಲೀಬೇಕು."

ಗುಡ್ಡದ ಮೇಲಿನದಕ್ಕೂ ಮೂಲೆಗಳಿದ್ದವು. ಹಾಸ್ಟೆಲ್ ಗೋಡೆಯಲ್ಲಿ ತೇವ. ಕ್ಯಾಂಟೀನಿನ ದರಪಟ್ಟಿ ನೋಡಿ ಅವಳು ಮಗಳ ಕೈ ಬಿಗಿಯಾಗಿ ಹಿಡಿದಳು. ಮೆಟ್ಟಿಲ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದ ಮೂರನೇ ವರ್ಷದ ಹುಡುಗಿಯನ್ನು ತಕ್ಕಡಿಯವನು ನೇರವಾಗಿ ಕೇಳಿಯೇಬಿಟ್ಟ: "ಸಾಲ ಮಾಡಿದ್ದೀಯೇನಮ್ಮಾ?"

"ಹೂಂ ಅಂಕಲ್. ಸಂಜೆ ಲೈಬ್ರರಿಲಿ ಕೆಲಸ, ಭಾನುವಾರ ಟ್ಯೂಷನ್. ಒಂದೊಂದು ಸಲ ಬ್ಯಾಂಕಿನ ಮೆಸೇಜ್ ಬಂದರೆ ಓದೋಕೆ ಧೈರ್ಯ ಬರಲ್ಲ."

"ಮತ್ತೆ ಮೊದಲಿಂದ ಶುರುಮಾಡು ಅಂದರೆ?"

ಹುಡುಗಿ ಬಹಳ ಹೊತ್ತು ಅಗಿದಳು. "ಇಲ್ಲಿಗೇ ಬರ್ತೀನಿ. ಆದರೆ ಹೆದರಿಕೊಂಡೇ ಬರ್ತೀನಿ."

ವರ್ಕ್‌ಶಾಪಿನ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಮುದುಕ, ಹಿಂದೆ ಬಸ್ ಡ್ರೈವರಾಗಿದ್ದವನು, ಬೆಂಚಿನ ಮೇಲೆ ಕೂತಿದ್ದ. ಅವನ ಹೊಸ ಕೃತಕ ಕಾಲಿನ ಮೇಲ್ಭಾಗದ ಬಟ್ಟಲು ತೊಡೆಗೆ ಒತ್ತುತ್ತಿತ್ತು. ಕಲಿಸುತ್ತಿದ್ದ ಟೀಚರಮ್ಮ ತಿರುಗಿ ನೋಡಿ, ಬಂದವರು ಯಾರು ಎಂದೂ ಕೇಳದೆ, ಸ್ಕ್ರೂ ಕೈಗೆ ಉಜ್ಜುವ ಒಂದು ಅರ ಕೊಟ್ಟರು. "ಇಲ್ಲಿ ಗುರುತು ಹಾಕಿದ್ದೀನಲ್ಲ, ಅಷ್ಟು ಉಜ್ಜು. ನಿಧಾನ. ಅಜ್ಜನ ಮುಖ ನೋಡಿಕೊಂಡು ಉಜ್ಜು."

ಅವಳು ಉಜ್ಜಿದಳು. ಅಜ್ಜನ ಮುಖ ನೋಡಿದಳು. ಮತ್ತೆ ಉಜ್ಜಿದಳು. ಇಪ್ಪತ್ತು ನಿಮಿಷದ ಮೇಲೆ ಮುದುಕ ಕಂಬಿ ಹಿಡಿದು ಎದ್ದು ನಿಂತ, ನಾಲ್ಕು ಹೆಜ್ಜೆ ಹಾಕಿ, "ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ!" ಎಂದು ಹಳೇ ಅಭ್ಯಾಸದಿಂದ ಕೂಗಿದ. ಎಲ್ಲರೂ ನಕ್ಕರು. ಸ್ಕ್ರೂ ನಗಲಿಲ್ಲ. ಅವಳು ಅಜ್ಜನ ಹೆಜ್ಜೆಗಳನ್ನೇ ನೋಡುತ್ತಿದ್ದಳು.

ವಾಪಸು ಬರುವಾಗ ಸ್ಕ್ರೂ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಹೆದರಿಕೆ ಆಗ್ತಿದೆ," ಎಂದಳು ತಾಯಿ, ಕಿಟಕಿಯ ಹೊರಗೆ ನೋಡುತ್ತ. "ಅವಳಿಗೆ ಅದು ಇಷ್ಟ ಆಗದೆ ಇರಲಿ ಅಂತ ಬೇಡಿಕೊಂಡು ಬಂದಿದ್ದೆ. ಎಂಥ ತಾಯಿ ನಾನು."

ಅವನು ಗೇರ್ ಬದಲಿಸಿದ. ಕೈಯನ್ನು ಸ್ಟಿಯರಿಂಗಿಗೆ ತರುವ ಬದಲು ಒಂದು ಕ್ಷಣ ಅವಳ ಕೈಯ ಮೇಲಿಟ್ಟ. ತೂಕ ಹಾಕದೆ, ಇಟ್ಟೂ ಇಡದ ಹಾಗೆ. ಅವಳು ಕೈ ತಿರುಗಿಸಿ ಅವನ ಬೆರಳು ಹಿಡಿದಳು. ಮುಂದಿನ ತಿರುವಿನವರೆಗೆ ವ್ಯಾನು ಅದೇ ಗೇರಿನಲ್ಲಿ ಓಡಿತು.

*

ಬ್ಯಾಂಕಿನ ಅಧಿಕಾರಿ ಸಭ್ಯನೇ. "ಸಾಲ ಕೊಡಬಹುದು. ಸ್ವಂತ ಮನೆ ಇರೋ ಒಬ್ಬರು ಜಾಮೀನು ಸಹಿ ಹಾಕಬೇಕು. ಅಣ್ಣ ತಮ್ಮ, ಮಾವ ಯಾರಾದರೂ ಇದ್ದಾರಾ?"

ಯಾರೂ ಇರಲಿಲ್ಲ. ಒಬ್ಬ ಇದ್ದ, ಅವನ ಹೆಸರು ನಾಲಿಗೆಯ ತುದಿಗೆ ಬಂದಾಗ ಅವಳು ಬಾಯಿ ಮುಚ್ಚಿಕೊಂಡು ಎದ್ದುಬಂದಳು. ಕಾಲೇಜಿಗೆ ಉತ್ತರ ಕೊಡಲು ಹತ್ತು ದಿನ ಉಳಿದಿತ್ತು.

ಮರುದಿನ ಮಧ್ಯಾಹ್ನ ಒಬ್ಬ ಹೆಂಗಸು ಕಿಟಕಿ ಪರದೆಗಳ ದೊಡ್ಡ ಗಂಟು ತಂದು ಮೇಜಿನ ಮೇಲಿಟ್ಟಳು. ಬಿಚ್ಚಿ ನೋಡಿದರೆ ಪರದೆಗಳು ಒಗೆದಿದ್ದವು. ಇಸ್ತ್ರಿಯ ಮಡಿಕೆ ಕೂಡ ಮಾಸಿರಲಿಲ್ಲ.

"ಇವು ಚೊಕ್ಕಟವಾಗಿಯೇ ಇವೆಯಲ್ಲ?"

"ಗೊತ್ತು ಕಣಮ್ಮ. ಬರೋಕೆ ಒಂದು ನೆಪ ಬೇಕಿತ್ತು. ನಾನು ತಕ್ಕಡಿಯವನ ಅಕ್ಕ."

ಅಕ್ಕ ಕುರ್ಚಿಗೆ ಕೂರಲಿಲ್ಲ. ಕೈಗಾಡಿಯ ಕಥೆಯನ್ನು ನಿಂತೇ ಹೇಳಿದಳು. ತಾಯಿಗೆ ಕೊಟ್ಟ ಮಾತನ್ನೂ ಹೇಳಿದಳು.

"ನನ್ನ ಮಗನ ಓದಿಗೆ ನಾನೇ ಸಹಿ ಕೇಳಿದ್ದೆ. ಮೂರು ದಿನ ಊಟ ಬಿಟ್ಟ, ಆದರೆ ಹಾಕಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ಆ ಗಾಡಿನ ನಾನೂ ನೋಡಿದ್ದೆ."

"ನಾನು ಅವರನ್ನ ಕೇಳಲ್ಲ ಅಕ್ಕ."

"ಕೇಳದಿದ್ದರೂ ಹಾಕ್ತಾನೆ. ಅದೇ ನನ್ನ ಭಯ. ನಾಲ್ಕು ವರ್ಷದಿಂದ ಅವನು ಮನೆಗೆ ಬಂದರೆ ಬರೀ ಲಾಂಡ್ರಿ ಮಾತು. ಹಬೆಯಂತೆ, ಮಷೀನಂತೆ, ಈಗ ಹುಡುಗಿ ಓದಿನ ಸಾಲವಂತೆ. ನಾನೇನು ಚಿಕ್ಕ ಮಗುನಾ?" ಅಕ್ಕನ ದನಿ ಒಡೆಯಿತು. "ನೀವು ಒಳ್ಳೆಯವರು ಅಂತ ನೋಡಿದರೇ ಗೊತ್ತಾಗುತ್ತೆ. ಅದಕ್ಕೇ ಬೇಡಿಕೊಳ್ತೀನಿ. ಅವನಿಗಿರೋದು ಅದೊಂದೇ ಮನೆ."

ಅವಳು ಪರದೆಗಳನ್ನು ಮತ್ತೆ ಮಡಿಸಿ ಅಕ್ಕನಿಗೆ ಗಂಟು ಕಟ್ಟಿಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಸಂಜೆ ಅವಳು ಒಂದು ಫೋನ್ ಮಾಡಿದಳು. ಬೇರೆ ರಿಪೇರಿಯವನಿಗೆ. ತಕ್ಕಡಿಯವನು ಇನ್ನು ಇಲ್ಲಿಗೆ ಬರಲು ಕಾರಣವೇ ಇರಬಾರದು. ಅವಳಿಗೆ ಹೊಳೆದದ್ದು ಅದೊಂದೇ ದಾರಿ.

*

ಅವನು ಮಾಮೂಲಿನಂತೆ ಬಂದ, ಮಾಮೂಲಿನಂತೆ ಯಂತ್ರವನ್ನು ಓರೆ ಮಾಡಿ ಕೆಳಗೆ ಬಗ್ಗಿ ನೋಡಿದ. ತಂತಿ ಹೊಸದು. ಸೀಸದ ಮೇಲೆ ಗೆರೆ, ಚುಕ್ಕೆ ಇರಲಿಲ್ಲ. ಒಂದು ತ್ರಿಕೋನ ಇತ್ತು.

ಬೇರೆಯವರಿಗೆ ಅದು ಕಡಲೆಕಾಳಿನಷ್ಟು ಸೀಸ. ಅವನಿಗೆ ಹಾಗಲ್ಲ. ತನ್ನ ಗುರುತನ್ನು ಕತ್ತರಿಸಿ ಯಂತ್ರವನ್ನು ಇನ್ನೊಬ್ಬನ ಕೈಗೆ ಕೊಟ್ಟಿದ್ದಾಳೆ. ತ್ರಿಕೋನದವನನ್ನು ಅವನು ಬಲ್ಲ. ವಯಸ್ಸು ಚಿಕ್ಕದು, ಬೈಕು ದೊಡ್ಡದು.

"ಯಾರು ಬಂದಿದ್ದರು?"

"ಬೇರೆಯವರು." ಅವಳು ಶರ್ಟಿನಿಂದ ತಲೆ ಎತ್ತಲಿಲ್ಲ. "ಇಲ್ಲೇ ಹತ್ತಿರ ಇದ್ದಾರೆ. ಕರೆದರೆ ಬರ್ತಾರೆ."

"ನಾನು ಕರೀದೆನೇ ಬರ್ತಿದ್ದೆ."

"ಅದೇ." ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತಿತ್ತು. "ಇನ್ಮೇಲೆ ಬೇಡ. ಜನ ನೋಡ್ತಾರೆ."

ಅವನು ಕಲ್ಲುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟ. "ಚೆನ್ನಾಗಿ ಮಾಡಿದ್ದಾನೆ," ಎಂದ. ಪೆಟ್ಟಿಗೆ ಎತ್ತಿಕೊಂಡು ಹೊರಟ.

ಬಾಗಿಲು ಮುಚ್ಚಿದ ಮೇಲೆ ಸುಟ್ಟ ವಾಸನೆ ಬಂತು. ಗಿರಾಕಿಯ ಬಿಳಿ ಶರ್ಟಿನ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು ಬಿದ್ದಿತ್ತು. ಹದಿನೈದು ವರ್ಷದಲ್ಲಿ ಮೊದಲನೆಯದು.

*

ಐದು ದಿನ ಅವನು ಕರೆದ ಕಡೆಗೂ ಹೋಗಲಿಲ್ಲ. ಆರನೇ ದಿನ ಸ್ಕ್ರೂ ಅವನ ವರ್ಕ್‌ಶಾಪಿಗೆ ಬಂದು, ತೂಕದ ಕಲ್ಲುಗಳ ನಡುವೆ ಒಂದು ಅರ್ಜಿ ಇಟ್ಟಳು. ಹತ್ತಿರದ ಕಾಲೇಜಿನದು. ಅಮ್ಮನ ಸಹಿ ಆಗಿತ್ತು.

"ಅಂಕಲ್, ನಿಮಗೇನು ಸ್ಕ್ರೂ ಲೂಸಾ?"

"ಏನಮ್ಮಾ?"

"ಅಮ್ಮ ಬೈಕಿನವನನ್ನ ಪ್ರೀತಿ ಮಾಡ್ತಾಳೆ ಅಂದುಕೊಂಡು ಇಲ್ಲಿ ಮುಖ ಊದಿಸಿಕೊಂಡು ಕೂತಿದ್ದೀರಲ್ಲ! ಅವನು ಬಂದು ಅರ್ಧ ಗಂಟೆಲಿ ಮೂರು ಸಲ ಕನ್ನಡಿ ನೋಡಿಕೊಂಡ. ಅಮ್ಮನಿಗೆ ಅಂಥವರನ್ನ ಕಂಡರೆ ತಲೆನೋವು ಬರುತ್ತೆ." ಆಮೇಲೆ ದನಿ ತಗ್ಗಿಸಿದಳು. "ನಿಮ್ಮ ಅಕ್ಕ ಬಂದಿದ್ದರು. ಒಗೆದಿರೋ ಪರದೆ ತಗೊಂಡು. ನಾನು ಒಳಗಿದ್ದೆ, ಎಲ್ಲ ಕೇಳಿಸಿತು. ಕೈಗಾಡಿದೂ."

ಅವನ ಕೈಯಲ್ಲಿದ್ದ ಇಕ್ಕಳ ಮೇಜಿನ ಮೇಲೆ ಇಳಿಯಿತು. ಮೊದಲು ಬಂದದ್ದು ಸಂತೋಷ: ಹಾಗಾದರೆ ಅವಳು ನನ್ನನ್ನು ಬಿಟ್ಟಿಲ್ಲ. ಅದರ ಬೆನ್ನಿಗೇ ಭಯ ಬಂತು, ಮೂವತ್ತು ವರ್ಷ ಹಳೆಯದು. ಸಹಿಯ ಭಯ.

"ನಿಮ್ಮನ್ನ ಕೇಳೋಕೆ ಬಂದಿಲ್ಲ," ಎಂದಳು ಹುಡುಗಿ ಅವಸರವಾಗಿ. "ಬೇಡ ಅಂತ ಹೇಳೋಕೆ ಬಂದೆ. ನನಗೆ ಕೆಮಿಸ್ಟ್ರಿ ಬರಲ್ಲ. ಎರಡು ದಿನ ಮನೆ ಬಿಟ್ಟಿದ್ದರೆ ಅಳು ಬರುತ್ತೆ. ಫೇಲಾದರೆ? ಕೆಲಸ ಸಿಗದಿದ್ದರೆ? ನಿಮ್ಮ ಮನೆ ಮುಂದೆ ಗಾಡಿ ಬಂದು ನಿಂತರೆ ನಾನು ಯಾವ ಮುಖ ಇಟ್ಟುಕೊಂಡು ಬದುಕಲಿ? ಅಮ್ಮನ ಜೊತೆ ಮಾತಾಡಿ, ಅಷ್ಟೇ ಸಾಕು."

"ಹತ್ತಿರದ ಕಾಲೇಜಿಗೆ ಹೋದರೆ?"

"ಹೋಗ್ತೀನಿ. ಓದ್ತೀನಿ. ಏನೂ ಆಗಲ್ಲ." ಅವಳು ಅರ್ಜಿಯ ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ನೇರ ಮಾಡಿದಳು. "ಆದರೆ ಆ ಡ್ರೈವರ್ ಅಜ್ಜ ಎದ್ದು ನಿಂತರಲ್ಲ ಅಂಕಲ್, ಆಗ ಅರ ಇನ್ನೂ ನನ್ನ ಕೈಲೇ ಇತ್ತು."

ಅವನು ಅರ್ಜಿಯನ್ನು ಬಿಟ್ಟು ಅವಳನ್ನು ನೋಡಿದ. ತನ್ನ ಕೊರತೆಯನ್ನೆಲ್ಲ ತಾನೇ ತಂದು ಮುಂದಿಟ್ಟವಳು. ಅವನ ಕಸುಬಿನಲ್ಲಿ ಅಂಥ ಯಂತ್ರ ಇನ್ನೂ ಸಿಕ್ಕಿರಲಿಲ್ಲ.

*

ಅಂಗಡಿ ಮುಚ್ಚುವ ಹೊತ್ತು. ಸ್ಕ್ರೂ ತಾಯಿ ಹಬೆಯ ನಲ್ಲಿ ನಿಲ್ಲಿಸುತ್ತಿದ್ದಳು. ಒದ್ದೆ ಕೂದಲು ಕತ್ತಿಗೆ ಅಂಟಿತ್ತು. ಅವನು ಪೆಟ್ಟಿಗೆ ಇಲ್ಲದೆ ಬಂದಿದ್ದ. ಕೈಗಳನ್ನು ಏನು ಮಾಡುವುದೆಂದು ಗೊತ್ತಾಗದೆ ಜೇಬಿಗಿಟ್ಟ, ತೆಗೆದ.

"ಬರಬೇಡಿ ಅಂದಿದ್ದೆ."

"ಅಂದಿದ್ದಿರಿ."

"ಸ್ಕ್ರೂ ಬಂದಿದ್ದಳಾ?"

"ಬಂದಿದ್ದಳು. ಬೈದಳು."

ಅವಳಿಗೆ ನಗು ಬರುವುದರಲ್ಲಿತ್ತು, ತಡೆದುಕೊಂಡಳು. "ನಿಮ್ಮ ಸಹಿ ಬೇಡ. ದಯವಿಟ್ಟು ಆ ಮಾತು ಎತ್ತಬೇಡಿ."

"ಅದಕ್ಕೂ ಮುಂಚೆ ಎತ್ತಬೇಕಾದ ಮಾತು ಒಂದಿದೆ." ಅವನು ಮೇಜಿನ ಹತ್ತಿರ ಬಂದ. "ಹಬೆಗೆ ಮಷೀನ್ ಕೆಡಲ್ಲ. ನಾಲ್ಕು ವರ್ಷ ಸುಳ್ಳು ಹೇಳಿದೆ. ನಿಮ್ಮನ್ನ ನೋಡೋಕೆ ಬರ್ತಿದ್ದೆ."

ಅವಳು ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು. ನಲ್ಲಿಯ ಬಾಯಲ್ಲಿ ಉಳಿದ ಹಬೆ ಸಣ್ಣಗೆ ಸುಯ್ಗುಟ್ಟಿತು.

"ಅದು ನನಗೆ ಮೊದಲ ವರ್ಷವೇ ಗೊತ್ತಿತ್ತು," ಎಂದಳು.

"ಮತ್ತೆ ಹೇಳಲಿಲ್ಲ?"

"ಹೇಳಿದ್ದರೆ ಬರೋದು ನಿಲ್ಲಿಸಿಬಿಡ್ತಿದ್ದಿರಿ. ನಿಮ್ಮಂಥ ಹೆದರುಪುಕ್ಕಲರನ್ನ ನಾನು ನೋಡಿಲ್ಲ, ನನ್ನನ್ನ ಬಿಟ್ಟರೆ."

ಇಬ್ಬರೂ ಈಗ ಒಂದೇ ಮೇಜಿನ ಎರಡು ಬದಿಗೆ ನಿಂತಿದ್ದರು. ಮಧ್ಯದಲ್ಲಿ ಮಡಿಸಿದ ಬಟ್ಟೆಗಳ ಸಾಲು.

"ಕೇಳಿ," ಎಂದಳು ಅವಳು. "ನೀವು ಸಹಿ ಹಾಕಿದರೆ ಆಮೇಲೆ ನಾನು ನಿಮ್ಮ ಮುಖ ನೋಡಿ ನಕ್ಕಾಗಲೆಲ್ಲ, ಅದು ಪ್ರೀತಿಗೆ ನಕ್ಕಿದ್ದೋ ಋಣಕ್ಕೆ ನಕ್ಕಿದ್ದೋ ಅಂತ ನನಗೇ ಗೊತ್ತಾಗಲ್ಲ. ಜಗಳ ಆಡೋಕೂ ಧೈರ್ಯ ಬರಲ್ಲ. ಸಾಲಕ್ಕಿಂತ ನನಗೆ ಅದರದೇ ಭಯ."

ಅವನು ಮಡಿಸಿದ ಬಟ್ಟೆಯೊಂದರ ಅಂಚನ್ನು ನೇರ ಮಾಡುತ್ತ ಯೋಚಿಸಿದ. "ಹಾಗಾದರೆ ಈಗಲೇ ಹೇಳಿ. ಸಹಿ ಇನ್ನೂ ಆಗಿಲ್ಲ. ಈ ಕ್ಷಣ ನಿಮಗೂ ನನಗೂ ಯಾವ ಋಣವೂ ಇಲ್ಲ. ಬೇಡ ಅಂದರೆ ಹೋಗ್ತೀನಿ. ಸ್ಕ್ರೂ ವಿಷಯ ಬೇರೆ, ಅದನ್ನ ನಾನು ಅವಳ ಹತ್ರ ಮಾತಾಡಿಕೊಳ್ತೀನಿ."

"ಬೇಡ ಅಂದರೂ ಅವಳಿಗೆ ಹಾಕ್ತೀರಾ?"

"ಹಾಕ್ತೀನಿ ಅನ್ನಿಸುತ್ತೆ. ಕೈ ನಡುಗುತ್ತೆ. ನೋಡಿ, ಈಗಲೇ ನಡುಗ್ತಿದೆ."

ಅವನು ಕೈ ಚಾಚಿ ತೋರಿಸಿದ. ನಿಜವಾಗಿಯೂ ನಡುಗುತ್ತಿತ್ತು. ಒಂದು ಗ್ರಾಮಿನ ವ್ಯತ್ಯಾಸ ಹಿಡಿಯುವ ಕೈ. ಅವಳು ಬಟ್ಟೆಗಳ ಮೇಲಿನಿಂದ ಬಗ್ಗಿ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೋಪು, ಗಂಜಿ, ಬಿಸಿ ಬಟ್ಟೆಯ ವಾಸನೆ.

"ರೀ," ಎಂದಳು. ತಕ್ಕಡಿಯವರೇ ಎನ್ನಲಿಲ್ಲ. ಆ ಒಂದೇ ಅಕ್ಷರಕ್ಕೆ ಅವನ ಕಣ್ಣು ತುಂಬಿತು. "ನನಗೆ ನೀವು ಬೇಕು. ಇವತ್ತು, ಸಹಿಗೆ ಮುಂಚೆ, ಬಾಯಿಬಿಟ್ಟು ಹೇಳ್ತಿದ್ದೀನಿ. ನೆನಪಿಟ್ಟುಕೊಳ್ಳಿ."

"ತಾರೀಕು ಬರೆದಿಟ್ಟುಕೊಳ್ಳಲಾ?"

"ಬರೆದುಕೊಳ್ಳಿ. ಇನ್ನೊಂದು ಮಾತು. ಕಂತು ನಾನು ಕಟ್ತೀನಿ. ಸ್ಕ್ರೂ ದುಡಿಯೋಕೆ ಶುರುಮಾಡಿದ ಮೇಲೆ ಅವಳು. ನೀವು ಒಂದು ಕಂತೂ ಮುಟ್ಟಕೂಡದು."

"ಸರಿ."

"ಜಗಳದಲ್ಲಿ ಸಾಲದ ಮಾತು ಎತ್ತಿದರೆ?"

"ನನ್ನ ಬಟ್ಟೆಗೆ ಕಿಲೋಗೆ ಎರಡರಷ್ಟು ದರ ಹಾಕಿ."

"ಮೂರರಷ್ಟು," ಎಂದಳು. ಈ ಸಲ ನಗು ತಡೆಯಲಿಲ್ಲ. ಅಳುವನ್ನೂ ತಡೆಯಲಿಲ್ಲ.

ಹಿಂದಿನ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. "ನಾನು ಏನೂ ಕೇಳಿಸಿಕೊಳ್ತಿಲ್ಲ!" ಎಂದು ಸ್ಕ್ರೂ ಕೂಗಿದಳು.

*

ಶುಕ್ರವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮುನ್ನ ಅವನು ಅಕ್ಕನಿಗೆ ಫೋನ್ ಮಾಡಿದ. ಎಲ್ಲ ಹೇಳಿದ.

"ನನ್ನ ಮಗನಿಗೆ ಹಾಕಲಿಲ್ಲ ನೀನು," ಎಂದಳು ಅಕ್ಕ.

"ಇಲ್ಲ ಅಕ್ಕ. ಹಾಕಬೇಕಿತ್ತು. ಆಗ ನನಗೆ ಅಷ್ಟು ಧೈರ್ಯ ಇರಲಿಲ್ಲ."

"ಈಗ ಇದೆಯಾ?"

"ಈಗಲೂ ಇಲ್ಲ."

ಅಕ್ಕ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಅಮ್ಮ ಇದ್ದಿದ್ದರೆ ನಿನ್ನ ಕೆನ್ನೆಗೆ ಬಿಡ್ತಿದ್ದಳು. ಓದಿ ನೋಡಿ ಸಹಿ ಮಾಡು. ಆಮೇಲೆ ಅವರಿಬ್ಬರನ್ನೂ ಊಟಕ್ಕೆ ಕರಕೊಂಡು ಬಾ."

ಬ್ಯಾಂಕಿನ ಅಧಿಕಾರಿ ಹನ್ನೊಂದು ಪುಟದ ಕಾಗದವನ್ನು ಅವನ ಕಡೆಗೆ ತಳ್ಳಿದ. ಮೊದಲು ಸ್ಕ್ರೂ ಸಹಿ ಹಾಕಿದಳು, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು. ಆಮೇಲೆ ಅವಳ ಅಮ್ಮ. ಕೊನೆಯ ಪುಟದ ತಳದಲ್ಲಿ ಒಂದು ಗೆರೆ ಖಾಲಿ ಉಳಿದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಜಾಮೀನುದಾರ' ಎಂದು ಅಚ್ಚಾಗಿತ್ತು.

ಅವನು ಹನ್ನೊಂದು ಪುಟವನ್ನೂ ಓದಿದ. ಒಂದು ಕಡೆ ನಿಲ್ಲಿಸಿ, ಸಾಲ ಕಟ್ಟದಿದ್ದರೆ ಮನೆಗೆ ಏನಾಗುತ್ತದೆ ಎಂದು ಕೇಳಿದ. ಅಧಿಕಾರಿ ಮುಚ್ಚುಮರೆಯಿಲ್ಲದೆ ಹೇಳಿದ. ಪಕ್ಕದಲ್ಲಿ ಕೂತಿದ್ದ ಅವಳು ಅವನ ಕಡೆ ತಿರುಗಿದಳು.

"ಇನ್ನೂ ಹೊತ್ತಿದೆ," ಎಂದಳು ಅವಳು ಮೆಲ್ಲಗೆ. "ಎದ್ದು ಹೋದರೂ ನಾನು ಹೇಳಿದ ಮಾತು ಹಾಗೇ ಇರುತ್ತೆ."

"ಗೊತ್ತು," ಎಂದ. "ಅದಕ್ಕೇ ಕೂತಿದ್ದೀನಿ."

ಪೆನ್ನು ತೆಗೆದುಕೊಂಡ. ಮೊದಲ ಅಕ್ಷರ ವಕ್ರವಾಯಿತು. ನಿಲ್ಲಿಸಲಿಲ್ಲ, ಪೂರ್ತಿ ಹೆಸರು ಬರೆದ, ಕೆಳಗೆ ತಾರೀಕು ಹಾಕಿದ.

ತಾಯಿಗೆ ಕೊಟ್ಟಿದ್ದ ಮಾತನ್ನು ಅವನು ಮುರಿದ.